ಕಾಗದವಿಲ್ಲದವನಿಗೆ ಸಾಕ್ಷಿ ಯಾರು?

(ವಾಗ್ಳೆ ಎಸ್ಟೇಟಿನ ಹೊಟೇಲು ಹಾಗೂ ಗಿರಣಿ ಕಾರ್ಮಿಕರ ಸಭೆಯಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದುಹೋಗಿ ಸಂಜೆಯ ಚಹದ ಗಿರಾಕಿಗಳು ಬರುವವರೆಗೆ ಹೊಟೇಲಿನವನಿಗೆ ಸಿಗುವ ಬಿಡುವು ಎರಡು ತಾಸಿನದು. ಅಷ್ಟರಲ್ಲಿ ಮೈ ಚಾಚಬೇಕು, ಬಟ್ಟೆ ಒಗೆಯಬೇಕು, ಊರಿಗೆ ಫೋನು ಮಾಡಬೇಕು. ಆ ಎರಡು ತಾಸನ್ನು ಇಂದು ತಾವು ನಮಗೆ ಕೊಟ್ಟಿದ್ದೀರಿ. ಪರೇಲ್, ಲಾಲ್‌ಬಾಗಿನ ಗಿರಣಿಗಳಲ್ಲಿ ದುಡಿದು ಈಗ ಈ ಕಡೆ ಮಕ್ಕಳ ಮನೆಯಲ್ಲಿರುವ ಹಿರಿಯರೂ ಬಂದಿದ್ದಾರೆ. ತಮ್ಮ ಹೊತ್ತನ್ನು ವ್ಯರ್ಥ ಮಾಡಲು ನಮಗೆ ಮನಸ್ಸಿಲ್ಲ. ಪಗಾರ, ಬೋನಸು, ರಜೆ ಇವುಗಳ ಮಾತು ಪ್ರತಿ ಸಭೆಯಲ್ಲಿಯೂ ಇದ್ದದ್ದೇ. ಇಂದು ನಾವು ಹೇಳಹೊರಟದ್ದು ನಮ್ಮಲ್ಲಿಯೇ ಒಬ್ಬನ ವಿಷಯ. ಅವನಂಥವರು ಇನ್ನೂ ಎಷ್ಟು ಜನ ನಮ್ಮ ನಡುವೆ ಇದ್ದಾರೋ ಎಂಬ ಚಿಂತೆಯಿಂದಲೇ ಈ ಸಭೆಯನ್ನು ಕರೆದೆವು.

ಅವನ ಹೆಸರು ಬೇಡ. ಕುಂದಾಪುರದ ಕಡೆಯವನು. 1988ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಊರಿನ ಒಬ್ಬರ ಜತೆ ಮುಂಬಯಿಗೆ ಬಂದ. ಮೊದಲು ದಾದರಿನ ಕಡೆ, ಆಮೇಲೆ ಈ ವಾಗ್ಳೆ ಎಸ್ಟೇಟಿನ ಒಂದು ಹೊಟೇಲಿನಲ್ಲಿ ಮೋರಿಯ ಕೆಲಸ. ಕಪ್ಪು ಬಸಿ ತೊಳೆಯುವುದು, ಪಾತ್ರೆ ಉಜ್ಜುವುದು. ಮೂವತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸ. ತೊಳೆದ ಕಪ್ಪುಗಳನ್ನು ಹನ್ನೆರಡರ ಸಾಲಿನಲ್ಲಿ, ಎಲ್ಲದರ ಹಿಡಿಕೆಯೂ ಒಂದೇ ಕಡೆಗೆ ಬರುವಂತೆ ಜೋಡಿಸುತ್ತಿದ್ದ. ನಡುವಿನಿಂದ ಯಾರಾದರೂ ಒಂದನ್ನು ಎತ್ತಿದರೆ ಇಡೀ ಸಾಲನ್ನು ಮತ್ತೆ ಮೊದಲಿಂದ ಜೋಡಿಸುವನು. ಮಾತು ಕಡಿಮೆ. ಮಾತಾಡಿದರೆ ರೈಲಿನ ವೇಳೆಯ ಮಾತು. ಯಾವ ಲೋಕಲು ಎಷ್ಟು ಗಂಟೆಗೆ ಠಾಣೆ ಬಿಡುತ್ತದೆ ಎಂದು ಕೇಳಿದರೆ ಪುಸ್ತಕ ಓದಿದಂತೆ ಹೇಳುವನು. ಎದುರಿಗೆ ನಿಂತವನ ಮುಖ ನೋಡುತ್ತಿರಲಿಲ್ಲ. ಹುಡುಗರು ನಗುತ್ತಿದ್ದರು, 'ಅರೆ' ಎಂದು ಕರೆಯುತ್ತಿದ್ದರು. ಹಳೆಯ ಧಣಿಗಳು ಮಾತ್ರ, "ಅವನ ಪಾಡಿಗೆ ಅವನನ್ನು ಬಿಡಿ, ಕೆಲಸ ಚೊಕ್ಕವಾಗಿದೆ" ಎನ್ನುತ್ತಿದ್ದರು. ಆ ಒಂದು ಮಾತಿನ ನೆರಳಿನಲ್ಲಿ ಅವನ ಬಾಳು ಸಾಗಿತ್ತು.

ಈ ವಾಗ್ಳೆ ಎಸ್ಟೇಟ್ ಹೇಗೆ ಬದಲಾಯಿತೆಂದು ತಮಗೆ ಗೊತ್ತು. 1962ರಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾದಾಗ ಅದರ ಮೊದಲ ವಸಾಹತು ಇದೇ. ಕಾರ್ಖಾನೆಯ ಭೋಂಗಾ ಕೇಳಿ ಹೊಟೇಲಿನ ಒಲೆ ಹೊತ್ತುತ್ತಿದ್ದ ಕಾಲವೊಂದಿತ್ತು. ಕಾರ್ಖಾನೆಗಳಿದ್ದ ಎಷ್ಟೋ ಕಡೆ ಇಂದು ಗಾಜಿನ ಐ.ಟಿ. ಕಟ್ಟಡಗಳು ನಿಂತಿವೆ. ಆ ಹೊಟೇಲೂ ಮೂರು ವರ್ಷದ ಹಿಂದೆ ಕೈ ಬದಲಾಯಿತು. ಹೊಸಬರು ಪಾತ್ರೆ ತೊಳೆಯಲು ಯಂತ್ರ ತಂದರು, ಗೋಡೆಗೆ ಹಾಡಿನ ಪೆಟ್ಟಿಗೆ ತೂಗಹಾಕಿದರು, ನಮ್ಮವನನ್ನು ಟೇಬಲಿಗೆ ಹಾಕಿದರು. ಒಂದೇ ಸಲ ನಾಲ್ಕು ಜನ ಕರೆಯುವುದು, ಮೇಲಿಂದ ಹಾಡಿನ ಅಬ್ಬರ, ಮುಖ ನೋಡಿ ನಗಬೇಕೆಂಬ ಕಟ್ಟಳೆ. ಹತ್ತನೆಯ ದಿನ ಕೈಯ ತಟ್ಟೆಯನ್ನು ನೆಲಕ್ಕೆ ಬಿಟ್ಟು, ಎರಡೂ ಕಿವಿ ಮುಚ್ಚಿಕೊಂಡು, ಹಿಂದಿನ ಗಲ್ಲಿಯಲ್ಲಿ ಕುಳಿತುಬಿಟ್ಟ. ಸಂಜೆಯಾದರೂ ಏಳಲಿಲ್ಲ. ಮಾರನೆಯ ದಿನ ಅವನ ಲೆಕ್ಕ ಚುಕ್ತಾ ಆಯಿತು. ಮೂವತ್ತು ವರ್ಷದ ದುಡಿಮೆಗೆ ಪ್ರಾವಿಡೆಂಟ್ ಫಂಡಿಲ್ಲ, ಇ.ಎಸ್.ಐ. ಚೀಟಿಯಿಲ್ಲ.

ನಾವು ಮಾಡಿದ ತಪ್ಪು

ಆಗ ಅವನ ಕೋಣೆಯ ಜತೆಗಾರನೊಬ್ಬ ಅವನನ್ನು ಸಂಘಕ್ಕೆ ಕರೆತಂದ. ನಮ್ಮ ಕಾರ್ಯಕರ್ತರಲ್ಲಿ ಒಬ್ಬಳು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಅವನನ್ನು ಒಂದು ತಾಸು ನೋಡಿ, "ಅಣ್ಣನಿಗೆ ಹುಟ್ಟಿನಿಂದಲೇ ಸ್ವಲೀನತೆ ಇದ್ದಿರಬಹುದು, ಯಾರೂ ಗುರುತಿಸಿಲ್ಲ, ಅಷ್ಟೇ" ಎಂದಳು. ಸರಕಾರದ ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಣವೆಂದು ನಿಶ್ಚಯಿಸಿದೆವು.

ಬಂಧುಗಳೇ, ಇಲ್ಲಿ ನಮ್ಮಿಂದಲೇ ಒಂದು ತಪ್ಪು ನಡೆಯಿತು. ಅದನ್ನು ಮುಚ್ಚಿಡುವುದಿಲ್ಲ. ಅವನಿಗೆ ಕ್ಷೌರ ಮಾಡಿಸಿದೆವು, ಇಸ್ತ್ರಿ ಮಾಡಿದ ಅಂಗಿ ತೊಡಿಸಿದೆವು. ಸಾಹೇಬರು ಕೇಳಿದರೆ ಹೀಗೆ ಉತ್ತರ ಕೊಡು, ಮುಖ ನೋಡಿ ಮಾತಾಡು, ಕೈ ಆಡಿಸಬೇಡ ಎಂದು ವಾರಗಟ್ಟಲೆ ಪಾಠ ಹೇಳಿದೆವು. ಹೊಸ ಹುಡುಗನನ್ನು ನೌಕರಿಗೆ ಕಳಿಸುವಾಗ ಹೇಗೋ ಹಾಗೆ. ಅವನು ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದ. ಹೆಸರು ಹೇಳಿದ, ವಿಳಾಸ ಹೇಳಿದ, ಕೂಡಿಸುವ ಕಳೆಯುವ ಲೆಕ್ಕ ಸರಿಯಾಗಿ ಮಾಡಿದ. ಅಲ್ಲಿದ್ದವರು, "ಇವನು ಮತಿಮಂದನಲ್ಲ, ಮೂವತ್ತು ವರ್ಷ ಕೆಲಸ ಮಾಡಿದವನಿಗೆ ವೈಕಲ್ಯವೆಲ್ಲಿಂದ? ಮೊದಲಿನ ಡಾಕ್ಟರರ ಕಾಗದವಾದರೂ ಇದೆಯೇ?" ಎಂದು ಕೇಳಿ ಹಿಂದಕ್ಕೆ ಕಳಿಸಿದರು. ಅಲ್ಲಿಂದ ಹೊರಬಂದವನು ಎರಡು ದಿನ ಮಾತಾಡಲಿಲ್ಲ, ಊಟವನ್ನೂ ಮಾಡಲಿಲ್ಲ. ಆ ಎರಡು ದಿನವನ್ನು ಯಾವ ಅಧಿಕಾರಿಯೂ ನೋಡಲಿಲ್ಲ. ನೋಡದಂತೆ ಮಾಡಿದವರು ನಾವೇ ಅಲ್ಲವೇ?

ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟಾಗ ನಮಗೆ ತಿಳಿದುಬಂದ ಸಂಗತಿಗಳನ್ನು ತಮ್ಮ ಮುಂದಿಡುತ್ತೇವೆ.

ಸ್ವಲೀನತೆ ಎಂದರೇನು?

ಕನ್ನಡದಲ್ಲಿ ಸ್ವಲೀನತೆ, ಮರಾಠಿಯಲ್ಲಿ ಸ್ವಮಗ್ನತಾ, ಡಾಕ್ಟರರ ಭಾಷೆಯಲ್ಲಿ ಆಟಿಸಂ. ಇಲ್ಲಿಯ ಮರಾಠಿ ಕಾಗದಗಳಲ್ಲಿ 'ಸ್ವಮಗ್ನ' ಎಂಬ ಮಾತು ಕಂಡರೆ ಅದು ಇದೇ ಎಂದು ನೆನಪಿಡಿ. ಇದು ಅಂಟುವ ರೋಗವಲ್ಲ, ಹುಚ್ಚಲ್ಲ, ದೆವ್ವದ ಕಾಟವಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ. ಅದು ಹುಟ್ಟಿನೊಡನೆ ಬಂದು ಕೊನೆಯವರೆಗೂ ಇರುತ್ತದೆ. ಇತರರ ಮುಖಭಾವ, ಒಳಮಾತು ಅರ್ಥವಾಗುವುದು ಕಷ್ಟ. ಮಾಡಿದ್ದನ್ನೇ ಮಾಡುವುದರಲ್ಲಿ ನೆಮ್ಮದಿ. ಸದ್ದು, ಬೆಳಕು, ಮುಟ್ಟುವಿಕೆ ಕೆಲವರಿಗೆ ಸಹಿಸಲಾಗದು. ಕೆಲವರಿಗೆ ಇದರ ಜತೆಗೆ ಬುದ್ಧಿಯ ಬೆಳವಣಿಗೆಯೂ ಕಡಿಮೆಯಿರುತ್ತದೆ, ಹಲವರಿಗೆ ಇರುವುದಿಲ್ಲ. ಆದುದರಿಂದ ಲೆಕ್ಕ ಮಾಡಬಲ್ಲವನಿಗೆ ಸ್ವಲೀನತೆ ಇರಲಾರದು ಎಂಬ ಮಾತು ಸರಿಯಲ್ಲ.

ಇನ್ನು 'ಕೆಲಸ ಮಾಡಿದವನಿಗೆ ಏನು ವೈಕಲ್ಯ' ಎಂಬ ಪ್ರಶ್ನೆ. ಅಮೇರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ಡಾಕ್ಟರರು 1943ರಲ್ಲಿ ಹನ್ನೊಂದು ಮಕ್ಕಳ ವಿಷಯವಾಗಿ ಒಂದು ಲೇಖನ ಬರೆದರು. ಆಟಿಸಂ ಲೋಕಕ್ಕೆ ತಿಳಿದದ್ದು ಅದರಿಂದ. ಆ ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪಿ ರಾಜ್ಯದ ಒಂದು ಸಣ್ಣ ಊರಿನವನು. ಅವನು ಕಾಲೇಜು ಓದಿದ, ಬ್ಯಾಂಕಿನಲ್ಲಿ ಆರು ದಶಕಕ್ಕೂ ಮಿಕ್ಕಿ ಕೆಲಸ ಮಾಡಿದ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಬ್ಯಾಂಕು ಅವನ ತಾಯಿಯ ಮನೆಯವರದು. ಊರಿನವರೆಲ್ಲ ಅವನನ್ನು ಬಲ್ಲವರು. ಅವನಿಗೆ ಸರಿಹೋಗುವ ಜಾಗವನ್ನು ಸುತ್ತಲಿನವರು ಕಾದುಕೊಟ್ಟರು. ನಮ್ಮವನಿಗೂ ಹಳೆಯ ಧಣಿಗಳ ಮೋರಿ ಅಂಥ ಜಾಗವೇ ಆಗಿತ್ತು. ಜಾಗ ಹೋಯಿತು, ಕಷ್ಟ ಬಯಲಿಗೆ ಬಂತು. ಕಷ್ಟ ಹೊಸದಲ್ಲ, ಆಸರೆ ಇದ್ದಷ್ಟು ದಿನ ಅದು ಕಾಣಿಸಿರಲಿಲ್ಲ.

ಕಾಗದ ಏಕಿಲ್ಲ?

'ಮೊದಲಿನ ಕಾಗದ ಇದೆಯೇ' ಎಂದರೆ ಎಲ್ಲಿಂದ ತರಬೇಕು? ಅವನು ಹುಟ್ಟಿದ್ದು 1975ರಲ್ಲಿ. ಕುಂದಾಪುರದ ಹಳ್ಳಿಯೊಂದರಲ್ಲಿ ಆಗ ಆಟಿಸಂ ಎಂಬ ಶಬ್ದ ಕೇಳಿದವರು ಯಾರಿದ್ದರು? ಕಾನೂನು ಕೂಡ ತಡವಾಗಿಯೇ ಎಚ್ಚತ್ತಿತು. 1995ರ ಅಂಗವಿಕಲರ ಕಾನೂನಿನಲ್ಲಿ ಏಳು ಬಗೆಯ ವೈಕಲ್ಯಗಳ ಹೆಸರಿತ್ತು, ಸ್ವಲೀನತೆಯ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾನೂನು ಅದನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾನೂನು 21 ವೈಕಲ್ಯಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಆ ಕಾನೂನು ಜಾರಿಗೆ ಬಂದದ್ದು 2017ರ ಏಪ್ರಿಲಿನಲ್ಲಿ. ಅಷ್ಟರೊಳಗೆ ನಮ್ಮವನಿಗೆ ನಲವತ್ತೆರಡು ವರ್ಷ. ಕಾನೂನಿನ ಕಣ್ಣು ತೆರೆಯುವಾಗ ಅವನ ತಲೆ ನರೆತಿತ್ತು.

ಗಿರಣಿಯ ಹಿರಿಯರಿಗೆ ಈ ನೋವು ಚೆನ್ನಾಗಿ ಗೊತ್ತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮುಂದೆ ಗಿರಣಿ ಕಾರ್ಮಿಕರಿಗೆ ಮ್ಹಾಡಾ ಮನೆಗಳ ಯೋಜನೆ ಬಂದಾಗ, 1982ರ ಜನವರಿ 1ರಂದು ಅಥವಾ ಆಮೇಲೆ ಕೆಲಸದಲ್ಲಿದ್ದುದಕ್ಕೆ ಪುರಾವೆ ಕೇಳಿದರು. ಟಿಕೀಟು, ಇ.ಎಸ್.ಐ. ಚೀಟಿ, ಸರ್ವಿಸ್ ಸರ್ಟಿಫಿಕೇಟು ಕಾದಿಟ್ಟವರು ಅರ್ಜಿ ಹಾಕಿದರು. ಮಳೆಗಾಲದ ಸೋರುವ ಖೋಲಿಯಲ್ಲಿ ಕಾಗದ ಕಳಕೊಂಡವರು ಕೈ ಕೈ ಹಿಸುಕಿಕೊಂಡರು. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತದ್ದು ಸುಳ್ಳೇ? ಸುಳ್ಳಲ್ಲ. ಆದರೆ ಸಾಕ್ಷಿ ಬೇಕಿತ್ತು. ಆಗ ಎಷ್ಟೋ ಜನ ಹಳೆಯ ಜತೆಗಾರರನ್ನು ಹುಡುಕಿಕೊಂಡು ಹೋದುದನ್ನು ನಾವು ಕಂಡಿದ್ದೇವೆ. ಸ್ವಲೀನತೆಯ ವಿಷಯವೂ ಹಾಗೆಯೇ. ರಕ್ತ ತೆಗೆದು, ಫೋಟೋ ತೆಗೆದು ಅದನ್ನು ಹೇಳಲಾಗದು. ಅವನು ಬಾಲ್ಯದಲ್ಲಿ ಹೇಗಿದ್ದ ಎಂಬುದನ್ನು ಬಲ್ಲವರ ಬಾಯಿಂದ ಕೇಳಿಯೇ ಡಾಕ್ಟರರು ತಿಳಿಯಬೇಕು.

ಇಲ್ಲಿಯೇ ನಮ್ಮಂಥ ಪರಊರಿನವರ ಕಷ್ಟ ಇರುವುದು. ಹತ್ತು ಹನ್ನೆರಡರ ಹರೆಯದಲ್ಲಿ ಊರು ಬಿಟ್ಟು ಬಂದವನ ಬಾಲ್ಯವನ್ನು ಈ ಊರಿನಲ್ಲಿ ಕಂಡವರು ಯಾರಿದ್ದಾರೆ? ಯಾರೂ ಇಲ್ಲ. ನಮ್ಮ ಬಾಲ್ಯವೆಲ್ಲ ಊರಿನಲ್ಲಿದೆ, ಮುದುಕಿ ತಾಯಿಯ ನೆನಪಿನಲ್ಲಿದೆ. ಆ ತಾಯಿ ಕಣ್ಣು ಮುಚ್ಚಿದರೆ ಆ ಸಾಕ್ಷಿಯೂ ಹೋಯಿತು.

ತಾಯಿ ಬಂದಳು

ನಮ್ಮವನ ತಾಯಿಗೆ ಎಪ್ಪತ್ತಾರು ವರ್ಷ. ಮತ್ಸ್ಯಗಂಧದಲ್ಲಿ ಕುಳಿತು, ಮೊಣಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತ, ಮೊಮ್ಮಗನ ಜತೆ ಠಾಣೆಗೆ ಬಂದಿಳಿದಳು. ಈ ಸಲ ನಾವು ಪಾಠ ಹೇಳಲಿಲ್ಲ. ಅವಳು ಹೇಳಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆವು. ಐದು ವರ್ಷದವರೆಗೆ ಮಾತಿಲ್ಲ. ಮಾತು ಬಂದಾಗ, ನಾವು ಹೇಳಿದ್ದನ್ನೇ ತಿರುಗಿ ಹೇಳುವನು. ಗೇರುಬೀಜಗಳನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಸಾಲಾಗಿ ಇಡುವನು. ಕಾಲು ತಾಗಿ ಒಂದು ಸರಿದರೆ ಗಂಟೆಗಟ್ಟಲೆ ಅಳುವನು. ಬಯಲಾಟದ ಚೆಂಡೆಯ ಸದ್ದು ಕೇಳಿದರೆ ಕಿವಿ ಮುಚ್ಚಿ ಗದ್ದೆಯ ಬದುವಿಗೆ ಓಡುವನು. ಶಾಲೆಯ ಮಕ್ಕಳ ಜತೆ ಆಡಿದವನಲ್ಲ. ಹಬ್ಬಕ್ಕೆ ಹೊಸ ಅಂಗಿ ಹಾಕಿದರೆ ಕಿತ್ತೆಸೆಯುವನು.

"ನಾನು ಬೈದೆ, ಹೊಡೆದೆ, ದೇವರಿಗೆ ಹರಕೆ ಹೊತ್ತೆ. ಕಡೆಗೆ ಮುಂಬಯಿಗೆ ಕಳಿಸಿದರೆ ಸರಿಹೋದಾನು ಅಂದುಕೊಂಡೆ, ಕಾಣಿ" ಎಂದು ಆ ತಾಯಿ ಹೇಳಿದಾಗ ನಮ್ಮಲ್ಲಿ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. "ಅಮ್ಮ, ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ" ಎಂದು ನಮ್ಮ ಕಾರ್ಯಕರ್ತೆ ಹೇಳಿದಳು. ಮುದುಕಿ ಸೆರಗಿನಿಂದ ಕಣ್ಣೊರಸಿಕೊಂಡು, "ಇದನ್ನು ನಲವತ್ತು ವರ್ಷದ ಹಿಂದೆ ಯಾರಾದರೂ ಹೇಳಬಾರದಿತ್ತೇ?" ಎಂದಳು.

ಅವನ ಜತೆ ಇಪ್ಪತ್ತು ವರ್ಷ ದುಡಿದ ಭಟಾರಖಾನೆಯ ಭಟ್ಟರು ಒಂದು ಪತ್ರ ಬರೆದುಕೊಟ್ಟರು. ಕಪ್ಪಿನ ಸಾಲು, ರೈಲಿನ ವೇಳೆ, ಕುಕ್ಕರಿನ ಸೀಟಿ ಕೂಗಿದಾಗಲೆಲ್ಲ ಹೊರಗೆ ಹೋಗಿ ನಿಲ್ಲುತ್ತಿದ್ದುದು, ದಿನಾಲೂ ಅದೇ ತಟ್ಟೆ ಅದೇ ಮೂಲೆ. ಊರಿನ ಶಾಲೆಯಿಂದ ದಾಖಲೆಯ ನಕಲು ಬಂತು. ತಾಯಿಯ ಕನ್ನಡವನ್ನು ಡಾಕ್ಟರರಿಗೆ ಮರಾಠಿಯಲ್ಲಿ ತಿಳಿಸಲು ನಮ್ಮವರೊಬ್ಬರು ಜತೆಗಿದ್ದರು. ಮೂರು ಸಲ ಹೋಗಬೇಕಾಯಿತು. ಒಂದು ಸಲ ಅವನು ಹೆದರಿ ಬಾಗಿಲ ಹೊರಗೇ ನಿಂತ. ಡಾಕ್ಟರರೇ ಹೊರಗೆ ಬಂದು ಅವನನ್ನು ನೋಡಿದರು. ಕಡೆಗೆ ಸ್ವಲೀನತೆ, ನೂರಕ್ಕೆ 50 ಎಂದು ಪ್ರಮಾಣಪತ್ರವಾಯಿತು. ಹಳದಿ ಪಟ್ಟಿಯ ಕಾರ್ಡು ಬಂತು.

ಅರ್ಜಿಯ ದಾರಿ

ಈಗ ದಾರಿಯನ್ನು ಹೇಳುತ್ತೇವೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಅರ್ಜಿಯನ್ನು ಕೇಂದ್ರ ಸರಕಾರದ ಸ್ವಾವಲಂಬನ ಪೋರ್ಟಲಿನಲ್ಲಿ ಕಂಪ್ಯೂಟರಿನ ಮೂಲಕ ಹಾಕಬೇಕು. ಆಧಾರ್, ಫೋಟೋ, ಗುರುತಿನ ಹಾಗೂ ವಿಳಾಸದ ಪುರಾವೆ ಬೇಕು. ಖಾಸಗಿ ಡಾಕ್ಟರರು ಮೊದಲೇ ಬರೆದ ಕಾಗದವಿದ್ದರೆ ಮಾತ್ರ ಅರ್ಜಿ ಎಂಬ ನಿಯಮವಿಲ್ಲ. ಪರೀಕ್ಷಿಸಿ ಇದೆಯೋ ಇಲ್ಲವೋ ಎಂದು ಹೇಳುವುದು ಸರಕಾರ ನೇಮಿಸಿದ ವೈದ್ಯಾಧಿಕಾರಿಗಳ ಕೆಲಸ. ಆದರೂ ಸರಕಾರಿ ಆಸ್ಪತ್ರೆಯ ಮನೋವೈದ್ಯರ ಹೊರರೋಗಿ ವಿಭಾಗದಲ್ಲಿ ಮೊದಲೇ ಹೆಸರು ಬರೆಸಿ, ಒಂದೆರಡು ಸಲ ತೋರಿಸಿ, ಚೀಟಿಯ ಮೇಲೆ ಬರೆಯಿಸಿಕೊಂಡರೆ ದಾರಿ ಸುಲಭವಾಗುತ್ತದೆ.

ಪರೀಕ್ಷೆಗೆ ಭಾರತದಲ್ಲಿಯೇ ತಯಾರಾದ ಒಂದು ಅಳತೆಗೋಲಿದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿದ್ದು. ಅದರಲ್ಲಿ 40 ಅಂಶಗಳಿವೆ; ಕಣ್ಣಿಗೆ ಕಣ್ಣು ಕೊಡುವುದು, ಹೇಳಿದ್ದನ್ನೇ ಹೇಳುವುದು, ಒಂದೇ ಕ್ರಮಕ್ಕೆ ಹಟ ಹಿಡಿಯುವುದು, ಸದ್ದಿಗೆ ಬೆದರುವುದು ಇತ್ಯಾದಿ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕೆಳಗಿದ್ದರೆ ಸ್ವಲೀನತೆ ಇಲ್ಲವೆಂದು ಲೆಕ್ಕ. ನಡವಳಿಕೆ ಎಷ್ಟು ಸಲ ಕಾಣುತ್ತದೆ ಎಂಬುದರ ಮೇಲೆ ಅಂಕ. ಒಂದು ಗಳಿಗೆ ಎದುರಿಗೆ ಕುಳಿತ ಅಪರಿಚಿತನಿಗೆ ಅದು ಹೇಗೆ ತಿಳಿಯಬೇಕು? ಮನೆಯವರು, ಜತೆಗಾರರು ಹೇಳಿದರೇ ತಿಳಿಯಬೇಕು. ಆದುದರಿಂದ ಒಳ್ಳೆಯ ದಿನದ ಮಾತನ್ನಷ್ಟೇ ಹೇಳಬೇಡಿ. ನಿತ್ಯದ ದಿನ ಹೇಗೆ, ಕೆಟ್ಟ ದಿನ ಹೇಗೆ, ಕೆಟ್ಟ ದಿನ ವಾರಕ್ಕೆ ಎಷ್ಟು ಸಲ ಎಂದು ಹೇಳಿ. ಹೆಚ್ಚು ಮಾಡಿ ಹೇಳಬೇಡಿ, ಕಡಿಮೆ ಮಾಡಿಯೂ ಹೇಳಬೇಡಿ. ದುಡಿದದ್ದನ್ನು ಮುಚ್ಚಿಡಬೇಡಿ, ಯಾವ ಆಸರೆಯಿಂದ ದುಡಿದ ಎಂಬುದನ್ನು ಸೇರಿಸಿ ಹೇಳಿ.

ನೂರಕ್ಕೆ 40 ಎಂಬುದು ದಾಟಬೇಕಾದ ಹೊಸ್ತಿಲು. ಅದಕ್ಕಿಂತ ಕೆಳಗಾದರೆ ಕಾರ್ಡಿನ ಪಟ್ಟಿ ಬಿಳಿ, 40ರಿಂದ ಮೇಲೆ ಹಳದಿ, 80ರಿಂದ ಮೇಲೆ ನೀಲಿ. ಹೆಚ್ಚಿನ ಸವಲತ್ತುಗಳು 40ರಿಂದ ಮೇಲಿನವರಿಗೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಸುಮ್ಮನೆ ಮನೆಗೆ ಹೋಗಬೇಕಾಗಿಲ್ಲ. 2016ರ ಕಾನೂನಿನ 59ನೆಯ ಕಲಮಿನಂತೆ ಮೇಲ್ಮನವಿಗೆ ಹಕ್ಕಿದೆ. ಗೊತ್ತುಪಡಿಸಿದ ಅವಧಿಯೊಳಗೆ ಕೊಡಬೇಕು. ಇಲ್ಲವೆಂದವರಿಂದ ಆ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಹಾಕುವುದು ಹೇಗೆ?

ಇನ್ನೊಂದು ಎಚ್ಚರಿಕೆ. ಇಷ್ಟು ಸಾವಿರ ಕೊಡಿ, ನಾಳೆಯೇ ಸರ್ಟಿಫಿಕೇಟು ತರುತ್ತೇವೆ ಎನ್ನುವ ದಲಾಲರ ಬಲೆಗೆ ಬೀಳಬೇಡಿ. ವಂಚನೆಯಿಂದ ಸವಲತ್ತು ಪಡೆದರೆ ಅದೇ ಕಾನೂನಿನ 91ನೆಯ ಕಲಮಿನಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ದಲಾಲ ಸಿಗುವುದಿಲ್ಲ, ಬಡವ ಸಿಕ್ಕಿಬೀಳುತ್ತಾನೆ.

ದೊರೆಯುವುದೇನು?

ರಾಜ್ಯದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ಬಡ ಅಂಗವಿಕಲರಿಗೆ ತಿಂಗಳ ಅನುದಾನವಿದೆ. ಅದು 1500 ರೂಪಾಯಿ ಇತ್ತು. 2025ರ ಸಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲ ಅಂಗವಿಕಲರಿಗೆ ಅದನ್ನು 2500ಕ್ಕೆ ಏರಿಸಲು ನಿರ್ಧರಿಸಿತು. ಅರ್ಜಿ ತಹಸೀಲದಾರರ ಕಚೇರಿಗೆ. ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದ ಪುರಾವೆ ಬೇಕು, ಆದಾಯದ ದಾಖಲೆ ಬೇಕು. ಆದುದರಿಂದ ಹಳೆಯ ರೇಶನ್ ಕಾರ್ಡು, ಕರೆಂಟು ಬಿಲ್ಲು, ಬಾಡಿಗೆ ಚೀಟಿ ಯಾವುದನ್ನೂ ಎಸೆಯಬೇಡಿ. 2500 ರೂಪಾಯಿಯಲ್ಲಿ ಠಾಣೆಯಲ್ಲಿ ಒಂದು ಖೋಲಿಯ ಬಾಡಿಗೆ ಕೂಡ ಹುಟ್ಟದು, ಬಲ್ಲೆವು. ಆದರೂ ಕೈಯಲ್ಲಿ ಏನೂ ಇಲ್ಲದವನಿಗೆ ಅದು ಅಕ್ಕಿ, ಔಷಧಿ.

ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಲ್ಲಿ ಸ್ವಲೀನತೆಯುಳ್ಳವರಿಗೆ ಒಂದು ಲಕ್ಷದವರೆಗಿನ ಆರೋಗ್ಯ ವಿಮೆಯಿದೆ. ತಂದೆ ತಾಯಿಯ ನಂತರ ನೋಡಿಕೊಳ್ಳುವವರು ಬೇಕಾದರೆ, ಹದಿನೆಂಟು ದಾಟಿದವರಿಗೆ ಪಾಲಕರನ್ನು ನೇಮಿಸುವ ಅಧಿಕಾರ ಅದೇ ನ್ಯಾಸದ ಕಾನೂನಿನಂತೆ ಜಿಲ್ಲೆಯ ಸ್ಥಾನಿಕ ಸಮಿತಿಗಿದೆ. ಸರಕಾರಿ ನೌಕರಿಯ ಶೇಕಡಾ 4ರ ಮೀಸಲಿನಲ್ಲಿ, ಸ್ವಲೀನತೆ ಮೊದಲಾದವುಗಳಿಗೆ ಕೂಡಿ ಶೇಕಡಾ 1 ಇದೆ.

ಗಿರಣಿ, ಕಾರ್ಖಾನೆಗಳ ಬಂಧುಗಳು ಇದನ್ನು ವಿಶೇಷವಾಗಿ ಕೇಳಬೇಕು. ಇ.ಎಸ್.ಐ.ಯಲ್ಲಿ ಮಕ್ಕಳು ದೊಡ್ಡವರಾದ ಮೇಲೆ ಔಷಧೋಪಚಾರ ನಿಲ್ಲುತ್ತದೆಂದು ತಾವು ತಿಳಿದಿದ್ದೀರಿ. ಆದರೆ ದೇಹದ ಅಥವಾ ಮನಸ್ಸಿನ ವೈಕಲ್ಯದಿಂದ ಅಶಕ್ತನಾಗಿ, ಪೂರ್ತಿ ತಮ್ಮ ಗಳಿಕೆಯ ಮೇಲೆಯೇ ನಿಂತಿರುವ ಮಗ ಅಥವಾ ಮಗಳು, ಆ ಅಶಕ್ತತೆ ಇರುವವರೆಗೆ 'ಕುಟುಂಬ' ಎಂಬುದರಲ್ಲಿ ಸೇರುತ್ತಾರೆ. ಹಾಗೆಯೇ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಸದಸ್ಯನು ತೀರಿಕೊಂಡರೆ ಶಾಶ್ವತವಾಗಿ, ಸಂಪೂರ್ಣವಾಗಿ ಅಂಗವಿಕಲರಾದ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿಯಿದೆ. ಮನೆಯ ಮೂಲೆಯಲ್ಲಿ ಕುಳಿತ ಮೂವತ್ತು ವರ್ಷದ ಮಗನಿಗೆ ಇಂದು ಒಂದು ಪ್ರಮಾಣಪತ್ರ ಮಾಡಿಸಿಟ್ಟರೆ, ನಾಳೆ ತಾವಿಲ್ಲದಾಗ ಅವನ ಪರವಾಗಿ ಮಾತಾಡಲು ಅದು ಇರುತ್ತದೆ.

ನಾಚಿಕೆ ಬೇಡ

ಇಷ್ಟೆಲ್ಲ ಇದ್ದರೂ ನಮ್ಮವರು ಏಕೆ ಹೋಗುವುದಿಲ್ಲ? ನಾಚಿಕೆ. ಮುಂಬಯಿಯಲ್ಲಿ ಯಾರಾದರೂ ಸ್ವಲ್ಪ ಬೇರೆ ರೀತಿ ನಡೆದುಕೊಂಡರೆ, "ಇವನನ್ನು ಠಾಣೆಗೆ ಕಳಿಸಿ" ಎಂದು ನಗುವ ವಾಡಿಕೆಯಿದೆ. 1901ರಿಂದ ಇಲ್ಲಿ ಮನೋರುಗ್ಣಾಲಯವಿರುವುದರಿಂದ ಹುಟ್ಟಿದ ಮಾತು ಅದು. ಠಾಣೆಯಲ್ಲಿಯೇ ಅನ್ನ ತಿನ್ನುವ ನಾವೂ ಆ ಮಾತಿಗೆ ನಗುತ್ತೇವೆ. ಮನೋವೈದ್ಯರ ಬಾಗಿಲಿಗೆ ಹೋದರೆ ತಂಗಿಯ ಮದುವೆ ನಿಂತೀತು, ಊರಿನಲ್ಲಿ ತಲೆ ಎತ್ತಲಾಗದು ಎಂದು ಹೆದರುತ್ತೇವೆ. ಕ್ಷಯದ ಡಾಕ್ಟರರ ಬಳಿ ಹೋಗಲು ಕೂಡ ಹಿಂದಿನವರು ಹೀಗೆಯೇ ಹೆದರುತ್ತಿದ್ದರು. ಆ ಹೆದರಿಕೆ ಎಷ್ಟು ಜನರನ್ನು ಬಲಿ ತೆಗೆದುಕೊಂಡಿತು!

ಕೆಲವರು ನಮ್ಮನ್ನು ಕೇಳಿದರು: "ಅವನಿಗೆ ಐವತ್ತಾಯಿತು; ಈಗ ಹೆಸರಿಟ್ಟು ಏನು ಪ್ರಯೋಜನ?" ಈ ಪ್ರಶ್ನೆಯನ್ನು ನಾವು ಅವನಿಗೇ ಕೇಳಿದೆವು. ಅವನು ನಮ್ಮ ಮುಖ ನೋಡಲಿಲ್ಲ. ಎಂದಿನಂತೆ ಗೋಡೆಯ ಕಡೆ ನೋಡುತ್ತ, "ನಾನು ಸೋಮಾರಿ ಅಲ್ಲ ಅಂತ ಕಾಗದದಲ್ಲಿ ಬಂತಲ್ಲ" ಎಂದ. ಮೂವತ್ತು ವರ್ಷ ಅವನು ಕೇಳಿದ ಬೈಗುಳಗಳಲ್ಲಿ ಯಾವುದು ಅವನಿಗೆ ಹೆಚ್ಚು ನಾಟಿತ್ತೆಂದು ಆಗ ನಮಗೆ ತಿಳಿಯಿತು.

ಕೊನೆಯದಾಗಿ ತಮ್ಮಲ್ಲಿ ನಮ್ಮ ಬೇಡಿಕೆ ಇಷ್ಟು. ತಮ್ಮ ಹೊಟೇಲಿನ ಮೋರಿಯಲ್ಲಿ, ರುಬ್ಬುವ ಕೋಣೆಯಲ್ಲಿ, ಕಾರ್ಖಾನೆಯ ಗೋದಾಮಿನಲ್ಲಿ ಇಂಥವನೊಬ್ಬ ಇದ್ದಾನು. ಅವನನ್ನು ನಕ್ಕು ನೋಯಿಸಬೇಡಿ. ಅವನಿಗೆ ಸರಿಹೋಗುವ ಕೆಲಸದಿಂದ ಅವನನ್ನು ಎಬ್ಬಿಸಬೇಡಿರೆಂದು ಧಣಿಗಳಿಗೆ ಒಟ್ಟಾಗಿ ಹೇಳಿ. ಅವನ ಊರಿನ ವಿಳಾಸ ಕೇಳಿಟ್ಟುಕೊಳ್ಳಿ. ಈ ಸಲ ಊರಿಗೆ ಹೋದಾಗ, ಅವನ ತಾಯಿ ಇನ್ನೂ ಇದ್ದರೆ, ಅವಳ ಹತ್ತಿರ ಒಂದು ತಾಸು ಕುಳಿತು ಅವನ ಬಾಲ್ಯವನ್ನು ಕೇಳಿ ಬರೆದುಕೊಳ್ಳಿ. ತಾರೀಕು ಹಾಕಿ, ಅವಳ ರುಜುವನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳಿ. ಶಾಲೆಗೆ ಹೋಗಿ ದಾಖಲೆಯ ನಕಲು ಕೇಳಿ. ತಾವೇ ಅವನ ಜತೆ ಹತ್ತು ವರ್ಷ ದುಡಿದವರಾದರೆ, ಕಂಡದ್ದನ್ನು ಕಂಡಂತೆ ಎರಡು ಪುಟ ಬರೆದುಕೊಡಿ. ಬರೆಯಲು ಬಾರದಿದ್ದರೆ ಸಂಘಕ್ಕೆ ಬನ್ನಿ. ಪ್ರತಿ ಭಾನುವಾರ ಈ ಬಿಡುವಿನ ಹೊತ್ತಿನಲ್ಲಿ ನಾವು ಇಲ್ಲಿರುತ್ತೇವೆ, ಅರ್ಜಿ ತುಂಬಿಕೊಡುತ್ತೇವೆ, ಆಸ್ಪತ್ರೆಗೆ ಜತೆಗೆ ಬರುತ್ತೇವೆ.

ಆ ತಾಯಿ ಊರಿಗೆ ಹಿಂತಿರುಗಿದ್ದಾಳೆ. ಮಗ ಈಗ ನಮ್ಮ ಸದಸ್ಯರೊಬ್ಬರ ಸಣ್ಣ ಖಾನಾವಳಿಯಲ್ಲಿ, ಹಾಡಿನ ಪೆಟ್ಟಿಗೆಯಿಲ್ಲದ ಕಡೆ, ದಿನಕ್ಕೆ ನಾಲ್ಕು ತಾಸು ಪಾತ್ರೆ ತೊಳೆಯುತ್ತಾನೆ. ಅನುದಾನದ ಅರ್ಜಿ ತಹಸೀಲದಾರರ ಕಚೇರಿಯಲ್ಲಿದೆ; ಅದರ ಬೆನ್ನು ನಾವು ಬಿಟ್ಟಿಲ್ಲ. ಐದು ಗಂಟೆಗೆ ಹತ್ತು ನಿಮಿಷವಿದೆ. ಚಹದ ಗಿರಾಕಿಗಳು ಬರುವ ಹೊತ್ತಾಯಿತು, ತಮ್ಮನ್ನು ಇನ್ನು ತಡೆಯುವುದಿಲ್ಲ.